ಮಾತು ಚೆನ್ನ, ಕೈ ಹೇಗೆ?

ಇದು ಅಜ್ಜಂಪುರ ತಾಲ್ಲೂಕಿನ ಅಂತರಘಟ್ಟೆ. ಎತ್ತಿನ ಗಾಡಿ ಕಟ್ಟಿಕೊಂಡು ಊರದೇವಿಯ ಜಾತ್ರೆಗೆ ಜನ ಬರುವ ಊರು. ಇಲ್ಲಿನ ಅಡುಗೆಮನೆಯಲ್ಲೇ ನಿಂತು ಕೇಳೋಣ: ಟಿವಿ ಬಾಣಸಿಗರು ನಮಗೆ ಇಷ್ಟವಾಗುವುದು ಅಡುಗೆಗೋ, ಮಾತಿಗೋ?

ಸಿಹಿಕಹಿ ಚಂದ್ರು ಅವರನ್ನೇ ನೋಡಿ. ಹೆಸರಿನ ಮುಂದೆ ‘ಸಿಹಿಕಹಿ’ ಸೇರಿದ್ದು ದೂರದರ್ಶನದ ಧಾರಾವಾಹಿಯಿಂದ. ಮೂಲತಃ ನಟ, ನಗಿಸುವವರು. ಅವರೇ ಸ್ಟಾರ್ ಸುವರ್ಣದ ‘ಬೊಂಬಾಟ್ ಭೋಜನ’ದಲ್ಲಿ ಸೌಟು ಹಿಡಿದರು. ಅತ್ತ ಹಿಂದಿಯಲ್ಲಿ, 1993ರಲ್ಲಿ ಶುರುವಾದ ‘ಖಾನಾ ಖಜಾನಾ’ದ ಸಂಜೀವ್ ಕಪೂರ್ ಹೋಟೆಲಿನ ಅಡುಗೆಮನೆಯಿಂದ ಬಂದವರು. ಎರಡೂ ದಾರಿ ಸರಿಯೇ. ನಗುವೇ ಇಲ್ಲದಿದ್ದರೆ ರಿಮೋಟು ಮುಂದಕ್ಕೆ ಹೋಗುತ್ತದೆ.

ಆದರೆ ಪರೀಕ್ಷೆ ಇರುವುದು ರಾಗಿ ಮುದ್ದೆಯಲ್ಲಿ. ಎಸರು ಕುದಿಯಬೇಕು. ಹಿಟ್ಟು ಸುರಿದ ಕೂಡಲೇ ತಿರುವಬಾರದು. ಗುಡ್ಡೆಯಾಗಿ ಬಿಟ್ಟು, ಕೋಲಿನಿಂದ ನಡುವೆ ತೂತು ಮಾಡಿ, ಸಣ್ಣ ಉರಿಯಲ್ಲಿ ಬೇಯಲು ಬಿಡಬೇಕು. ಆ ತೂತಿನಿಂದ ನೀರು ಉಕ್ಕಿ ಮೇಲಿನ ಹಿಟ್ಟೂ ಬೇಯುತ್ತದೆ. ಆಮೇಲೆ ಗಂಟಿಲ್ಲದಂತೆ ತಿರುವುವುದು.

ಟಿವಿ ಕತ್ತರಿಸಿಬಿಡುವುದು ಈ ಕಾಯುವ ಹೊತ್ತನ್ನೇ. ಕಲಿಯಬೇಕಾದದ್ದೂ ಅಲ್ಲೇ ಇದೆ.

ಒಳ್ಳೆಯ ಬಾಣಸಿಗರು ಆ ಹೊತ್ತಿನಲ್ಲಿ ಮಾತಾಡುತ್ತಾರೆ: ಉರಿ ಎಷ್ಟಿರಬೇಕು, ಬೆಂದದ್ದು ಹೇಗೆ ಗೊತ್ತಾಗುತ್ತದೆ, ಒದ್ದೆ ಕೈಗೆ ಯಾಕೆ ಅಂಟಬಾರದು. ನಗಿಸುತ್ತಲೇ ಹೇಳಲಿ. ಅಲ್ಲಿ ಮಾತೂ ಅಡುಗೆಯೇ.

ಮುಂದಿನ ಸಂಚಿಕೆಯಲ್ಲಿ ಎರಡು ನಿಮಿಷ ಟಿವಿಯ ಧ್ವನಿ ನಿಲ್ಲಿಸಿ, ಕೈ ಮಾತ್ರ ನೋಡಿ. ಆಗಲೂ ಅಡುಗೆ ಅರ್ಥವಾದರೆ, ಆ ಬಾಣಸಿಗರನ್ನು ಬಿಡಬೇಡಿ.