ಬಡವರ ಮನೆಗೆ ದೂರವಾಣಿ

ದೂರವಾಣಿಯು ಶ್ರೀಮಂತರ ಭೋಗವಸ್ತುವಲ್ಲ. ವೈದ್ಯರನ್ನು ಕರೆಯಲು, ಉದ್ಯೋಗವನ್ನು ಅರಸಲು, ಬೆಂಕಿ ಬಿದ್ದಾಗ ನೆರವು ಕೋರಲು ಅದು ಬಡವನಿಗೂ ಬೇಕು. ಆದರೆ ತಿಂಗಳ ಶುಲ್ಕವನ್ನು ತೆರಲಾರದವನು ಏನು ಮಾಡಬೇಕು? ಈ ಪ್ರಶ್ನೆಗೆ ಅಮೆರಿಕಾ ಸಂಯುಕ್ತ ಸಂಸ್ಥಾನವು ಕಂಡುಕೊಂಡ ಉತ್ತರವನ್ನೂ, ಆ ಉತ್ತರವನ್ನು ತಿದ್ದಿಕೊಂಡ ಬಗೆಯನ್ನೂ ನೋಡೋಣ.

ಆ ದೇಶದ ದೂರವಾಣಿ ವ್ಯವಸ್ಥೆಯ ಬಹುಭಾಗವು ದೀರ್ಘಕಾಲ ಒಂದೇ ಕಂಪನಿಯ ವಶದಲ್ಲಿದ್ದಿತು. 1984ರಲ್ಲಿ ಅದನ್ನು ವಿಭಜಿಸಿದಾಗ, ಸ್ಥಳೀಯ ಶುಲ್ಕವು ಏರಿ ಬಡವರು ದೂರವಾಣಿಯನ್ನು ಬಿಟ್ಟುಕೊಡಬೇಕಾದೀತೆಂಬ ಭಯ ಹುಟ್ಟಿತು. ಆದುದರಿಂದ 1985ರಲ್ಲಿ ‘ಲೈಫ್‌ಲೈನ್’ ಎಂಬ ಯೋಜನೆಯು ಆರಂಭವಾಯಿತು. ಇದರ ಹಣವು ಬಡವನ ಕೈಸೇರುವುದಿಲ್ಲ. ಅವನ ಬಿಲ್ಲಿನಲ್ಲಿ ಅಷ್ಟು ಮೊತ್ತ ಕಡಿಮೆಯಾಗುತ್ತದೆ. ಕಂಪನಿಗೆ ಅದನ್ನು ತುಂಬಿಕೊಡಲು ಒಂದು ನಿಧಿಯಿದೆ. ಆ ನಿಧಿಗೆ ಕಂಪನಿಗಳೇ ವಂತಿಗೆ ಕೊಡುತ್ತವೆಯಾದರೂ, ಅದನ್ನು ಬಿಲ್ಲುಗಳಲ್ಲಿ ಸೇರಿಸುವುದರಿಂದ ಕಡೆಗೆ ಹೊರೆ ಹೊರುವವರು ಸಾಮಾನ್ಯ ಗ್ರಾಹಕರೇ.

ಮೊಬೈಲ್ ಫೋನುಗಳಿಗೂ ಈ ನೆರವು ದೊರೆತ ಮೇಲೆ ವೆಚ್ಚವು ಬೆಳೆಯಿತು. 2008ರಲ್ಲಿ ಸುಮಾರು 80 ಕೋಟಿ ಡಾಲರುಗಳಷ್ಟಿದ್ದುದು 2012ರಲ್ಲಿ ಸುಮಾರು 220 ಕೋಟಿಗೆ ಏರಿತು. ಕೆಲವು ಮನೆಗಳಿಗೆ ಎರಡೆರಡು ನೆರವು ಸಲ್ಲುತ್ತಿದ್ದಿತು, ಅರ್ಹರಲ್ಲದವರೂ ಪಟ್ಟಿಯಲ್ಲಿದ್ದರು. ಗ್ರಾಹಕರು ಹೆಚ್ಚಿದಷ್ಟೂ ಲಾಭ ಪಡೆಯುವ ಕಂಪನಿಗಳೇ ಅನೇಕ ಕಡೆ ಅರ್ಹತೆಯನ್ನೂ ಪರೀಕ್ಷಿಸುತ್ತಿದ್ದುದು ಇದಕ್ಕೆ ಒಂದು ಕಾರಣ.

ಆದರೆ ನೆಗಡಿಯಾಯಿತೆಂದು ಮೂಗನ್ನೇ ಕೊಯ್ಯುವುದು ವಿವೇಕವಲ್ಲ. ಯೋಜನೆಯನ್ನು ರದ್ದುಗೊಳಿಸದೆ 2012ರಲ್ಲಿ ಅದನ್ನು ಸುಧಾರಿಸಲಾಯಿತು. ಒಂದು ಕುಟುಂಬಕ್ಕೆ ಒಂದೇ ನೆರವು, ತಿಂಗಳಿಗೆ 9.25 ಡಾಲರು, ವರ್ಷಕ್ಕೊಮ್ಮೆ ಅರ್ಹತೆಯ ದೃಢೀಕರಣ, ಎರಡು ಬಾರಿ ಬಂದ ಹೆಸರುಗಳನ್ನು ಹಿಡಿಯಲು ರಾಷ್ಟ್ರೀಯ ದಾಖಲೆ—ಇವು ಮುಖ್ಯ ನಿಯಮಗಳು. 2016ರ ಆದೇಶವು ಇಂಟರ್‌ನೆಟ್ಟಿಗೂ ನೆರವನ್ನು ವಿಸ್ತರಿಸಿತು. ಅರ್ಹತೆಯ ಪರೀಕ್ಷೆಯನ್ನು ಕಂಪನಿಗಳಿಂದ ಬಿಡಿಸಿ ಬೇರೊಂದು ವ್ಯವಸ್ಥೆಗೆ ಒಪ್ಪಿಸಲು ನಿರ್ಧರಿಸಿತು.

ಇಲ್ಲಿ ಎಚ್ಚರಿಕೆಯೊಂದು ಅವಶ್ಯ. ಪದೇ ಪದೇ ಮನೆ ಬದಲಿಸುವವನು, ಕಾಗದಪತ್ರಗಳಿಲ್ಲದವನು, ಓದುಬರಹ ಬಾರದವನು—ಇವರೇ ಕಠಿಣ ನಿಯಮಗಳಿಗೆ ಮೊದಲು ಬಲಿಯಾಗುವವರು. ಜರಡಿಯು ಜೊಳ್ಳನ್ನು ತೆಗೆಯಬೇಕೇ ಹೊರತು ಕಾಳನ್ನು ಚೆಲ್ಲಬಾರದು.

ನಮ್ಮ ದೇಶದಲ್ಲಿಯೂ ಇಂತಹ ನಿಧಿಯು 2002ರಲ್ಲಿ ಸ್ಥಾಪಿತವಾಯಿತು. 2023ರ ಕಾಯಿದೆಯು ಅದಕ್ಕೆ ‘ಡಿಜಿಟಲ್ ಭಾರತ ನಿಧಿ’ಯೆಂದು ಹೆಸರಿಟ್ಟಿತು. ಹಳ್ಳಿಗಳಿಗೂ ದೂರದ ಪ್ರದೇಶಗಳಿಗೂ ಸಂಪರ್ಕವನ್ನು ಒದಗಿಸುವುದು ಅದರ ಮುಖ್ಯ ಉದ್ದೇಶ. ಮಾರ್ಗಗಳು ಬೇರೆಯಾದರೂ ಪರೀಕ್ಷೆಯು ಒಂದೇ: ಎಲ್ಲರಿಂದ ಕೂಡಿಸಿದ ಹಣವು ಯಾರಿಗಾಗಿ ಕೂಡಿತೋ ಅವರನ್ನು ತಲಪಿತೇ? ವಿದ್ಯಾರ್ಥಿಗಳು ನಾಳಿನ ಪೌರರಾಗಿ ಕೇಳಬೇಕಾದ ಪ್ರಶ್ನೆ ಇದೇ.