ಹಣದುಬ್ಬರಕ್ಕೆ ಕಡಿವಾಣ ಹಾಕಿದ ಮುತ್ಸದ್ದಿ ಶಿಮೋನ್ ಪೆರೆಸ್

ಈ ತಿಂಗಳು ಸರಕು ಮಾರಿ ಬಂದ ಹಣದಿಂದ ಮುಂದಿನ ತಿಂಗಳು ಅಷ್ಟೇ ಸರಕನ್ನು ಕೊಳ್ಳಲಾಗದಿದ್ದರೆ ವರ್ತಕನ ಗತಿಯೇನು? 1984ರಲ್ಲಿ ಇಸ್ರೇಲಿನ ವ್ಯಾಪಾರಸ್ಥರನ್ನು ಕಾಡಿದ ಪ್ರಶ್ನೆ ಇದು. ಆ ವರ್ಷಾಂತ್ಯಕ್ಕೆ ಅಲ್ಲಿನ ವಾರ್ಷಿಕ ಹಣದುಬ್ಬರ ಶೇ. 400ನ್ನು ದಾಟಿತ್ತು. ಅದೇ ವರ್ಷ ಪ್ರಧಾನಿ ಪದವಿಗೇರಿದವರು ಶಿಮೋನ್ ಪೆರೆಸ್.

1923ರಲ್ಲಿ, ಈಗ ಬೆಲಾರೂಸ್‌ಗೆ ಸೇರಿದ ವಿಶ್ನೆವಾ ಎಂಬ ಊರಿನಲ್ಲಿ ಮರದ ವ್ಯಾಪಾರಿಯೊಬ್ಬರ ಮಗನಾಗಿ ಜನಿಸಿದ ಪೆರೆಸ್, ಬಾಲ್ಯದಲ್ಲೇ ಪ್ಯಾಲೆಸ್ಟೈನಿಗೆ ವಲಸೆ ಬಂದರು. 1953ರಲ್ಲಿ, ಮೂವತ್ತರ ಆಸುಪಾಸಿನಲ್ಲೇ, ರಕ್ಷಣಾ ಸಚಿವಾಲಯದ ಮಹಾನಿರ್ದೇಶಕರಾದರು. ದೇಶದ ವಿಮಾನೋದ್ಯಮಕ್ಕೆ ಬುನಾದಿ ಹಾಕುವಲ್ಲಿ ಅವರ ಪಾತ್ರ ಹಿರಿದು. 1959ರಲ್ಲಿ ಸಂಸತ್ತನ್ನು ಪ್ರವೇಶಿಸಿದರು.

1984ರ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಬಹುಮತ ದೊರೆಯದೆ, ಎದುರಾಳಿ ಲಿಕುಡ್ ಪಕ್ಷದೊಡನೆ ಸರ್ಕಾರ ರಚಿಸಬೇಕಾಯಿತು. ಮೊದಲೆರಡು ವರ್ಷ ಪೆರೆಸ್, ನಂತರ ಯಿಟ್ಝಾಕ್ ಶಮೀರ್ ಪ್ರಧಾನಿ ಎಂಬುದು ಒಪ್ಪಂದ. ಸರ್ಕಾರದ ಮಿತಿಮೀರಿದ ವೆಚ್ಚ, ಸಹಾಯಧನಗಳ ಹೊರೆ ಹಾಗೂ ಬೆಲೆಯೊಡನೆ ತಾನಾಗಿಯೇ ಏರುವ ತುಟ್ಟಿಭತ್ಯೆ, ಇವು ರೋಗದ ಮೂಲಗಳಾಗಿದ್ದವು.

1985ರ ಜುಲೈ 1ರಂದು, ಇಡೀ ರಾತ್ರಿ ನಡೆದ ಸಂಪುಟ ಸಭೆಯ ಬಳಿಕ, ಆರ್ಥಿಕ ಸ್ಥಿರೀಕರಣ ಯೋಜನೆಗೆ ಒಪ್ಪಿಗೆ ದೊರೆಯಿತು. ಸರ್ಕಾರ ತನ್ನ ವೆಚ್ಚವನ್ನೂ ಸಹಾಯಧನವನ್ನೂ ಕಡಿತಗೊಳಿಸಿತು. ಶೆಕೆಲ್ ನಾಣ್ಯವನ್ನು ಅಪಮೌಲ್ಯಗೊಳಿಸಿ, ಡಾಲರಿಗೆ 1,500ರಂತೆ ದರ ನಿಗದಿಪಡಿಸಲಾಯಿತು. ಬೆಲೆ ಮತ್ತು ವೇತನಗಳೆರಡನ್ನೂ ತಡೆಹಿಡಿಯಲಾಯಿತು. ಸರ್ಕಾರಕ್ಕಾಗಿ ನೋಟು ಮುದ್ರಿಸದಂತೆ ಕೇಂದ್ರ ಬ್ಯಾಂಕಿಗೆ ಕಾನೂನಿನ ನಿರ್ಬಂಧ ವಿಧಿಸಲಾಯಿತು. ಮುಷ್ಕರಕ್ಕಿಳಿದ ಹಿಸ್ಟಡ್ರುಟ್ ಕಾರ್ಮಿಕ ಒಕ್ಕೂಟವನ್ನು ಮಾತುಕತೆಯ ಮೂಲಕ ಒಪ್ಪಿಸಲಾಯಿತು. ಅಮೆರಿಕದ 150 ಕೋಟಿ ಡಾಲರ್ ತುರ್ತು ನೆರವೂ ಒದಗಿಬಂತು.

1986ರ ವೇಳೆಗೆ ಹಣದುಬ್ಬರ ಶೇ. 20ರ ಸುಮಾರಿಗೆ ಇಳಿಯಿತು. ಆದರೆ ಈ ಔಷಧ ಕಹಿಯಾಗಿತ್ತು. ಕಾರ್ಮಿಕರ ನೈಜ ವೇತನ ಕುಸಿಯಿತು. ಹಣದುಬ್ಬರದ ಕಾಲದಲ್ಲಿ ಸಾಲವನ್ನೇ ನೆಚ್ಚಿಕೊಂಡಿದ್ದ ಅನೇಕ ಉದ್ಯಮಗಳೂ ಕಿಬುಟ್ಝ್ ಸಹಕಾರಿ ಗ್ರಾಮಗಳೂ ದುಬಾರಿ ಬಡ್ಡಿಯಡಿ ನಲುಗಿದವು. ಬೆಲೆಯೇರಿಕೆಯನ್ನೇ ಲಾಭವೆಂದು ಭ್ರಮಿಸಿದ್ದವರಿಗೆ ನಿಜವಾದ ಲೆಕ್ಕ ಆಗ ತಿಳಿಯಿತು.

ಪೆರೆಸ್ 1986ರಲ್ಲಿ ಒಪ್ಪಂದದಂತೆ ಪದವಿ ಬಿಟ್ಟುಕೊಟ್ಟರು. ಓಸ್ಲೊ ಒಪ್ಪಂದಕ್ಕಾಗಿ 1994ರಲ್ಲಿ ರಾಬಿನ್ ಮತ್ತು ಅರಾಫತ್ ಅವರೊಡನೆ ನೊಬೆಲ್ ಶಾಂತಿ ಪುರಸ್ಕಾರವನ್ನು ಹಂಚಿಕೊಂಡರು. ಆ ಶಾಂತಿ ಮಾತ್ರ ಕೈಗೂಡಲಿಲ್ಲ. 2007ರಿಂದ 2014ರವರೆಗೆ ರಾಷ್ಟ್ರಾಧ್ಯಕ್ಷರಾಗಿದ್ದು, 2016ರಲ್ಲಿ ತಮ್ಮ 93ನೆಯ ವಯಸ್ಸಿನಲ್ಲಿ ನಿಧನರಾದರು.

ನಾಣ್ಯದ ಮೇಲಿನ ನಂಬಿಕೆಯೇ ವ್ಯಾಪಾರದ ಮೂಲ ಬಂಡವಾಳ. ಅದನ್ನು ಮರಳಿ ಗಳಿಸಲು ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ನಷ್ಟದಲ್ಲಿ ಪಾಲುಗೊಳ್ಳಬೇಕೆಂಬುದು 1985ರ ಆ ಬೇಸಿಗೆ ಕಲಿಸಿದ ಪಾಠ.