ಕೃತ್ತಿಕೆ ಎಷ್ಟು ದೂರ?

ಕಾರ್ತಿಕ ಮಾಸದಲ್ಲಿ ರಾತ್ರಿ ಎಂಟು ಗಂಟೆಯ ಹೊತ್ತಿಗೆ ಪೂರ್ವಾಕಾಶವನ್ನು ನೋಡಿ. ತೋಳು ಚಾಚಿ ಹಿಡಿದ ಹೆಬ್ಬೆರಳಿನ ಮರೆಗೆ ಸೇರಿಬಿಡುವಷ್ಟು ಚಿಕ್ಕ ಜಾಗದಲ್ಲಿ ಆರು ತಾರೆಗಳು ಒತ್ತೊತ್ತಾಗಿ ಕಾಣುತ್ತವೆ. ಇದೇ ಕೃತ್ತಿಕಾ ಪುಂಜ. ಈ ಮಾಸದ ಹುಣ್ಣಿಮೆಯ ಚಂದ್ರ ಇದರ ಆಸುಪಾಸಿನಲ್ಲಿ ಇರುವುದರಿಂದಲೇ ಮಾಸಕ್ಕೆ ಕಾರ್ತಿಕವೆಂಬ ಹೆಸರು ಬಂದಿದೆ. ದುರ್ಬೀನಿನಲ್ಲಿ ನೋಡಿದರೆ ಆರರ ಜಾಗದಲ್ಲಿ ಹತ್ತಾರು ತಾರೆಗಳು ಕಾಣುತ್ತವೆ. ಪುಂಜದ ಒಟ್ಟು ಸದಸ್ಯರ ಸಂಖ್ಯೆ ಸಾವಿರವನ್ನು ಮೀರುತ್ತದೆ.

ಶಾಲಾ ಮಕ್ಕಳೂ ಗುರುತಿಸಬಲ್ಲ ಈ ಪುಂಜದ ದೂರದ ಬಗ್ಗೆ ಖಗೋಳ ವಿಜ್ಞಾನಿಗಳಲ್ಲಿ 1997ರಿಂದ ಸುಮಾರು ಎರಡು ದಶಕಗಳ ಕಾಲ ಒಮ್ಮತವಿರಲಿಲ್ಲ ಎಂದರೆ ಆಶ್ಚರ್ಯವಾಗಬಹುದು. ಒಂದು ಪಕ್ಷ 385 ಜ್ಯೋತಿರ್ವರ್ಷ ಎಂದಿತು, ಇನ್ನೊಂದು ಪಕ್ಷ 430ಕ್ಕಿಂತ ಹೆಚ್ಚು ಎಂದಿತು. ಈ ವಾದ ಏಕೆ ಹುಟ್ಟಿತು, ಹೇಗೆ ಬಗೆಹರಿಯಿತು ಎಂಬುದನ್ನು ಅರಿಯಲು ಒಂದು ಮೂಲಭೂತ ಸಂಗತಿಯನ್ನು ಮನದಟ್ಟು ಮಾಡಿಕೊಳ್ಳಬೇಕು. ತಾರೆಯತ್ತ ಯಾರೂ ಟೇಪು ಹಿಡಿದು ಹೋಗಲಾರರು. ಖಗೋಳಜ್ಞನಿಗೆ ನೇರವಾಗಿ ಅಳೆಯಲು ಸಿಗುವುದು ಬೆಳಕಿನ ಪ್ರಮಾಣ ಮತ್ತು ಗುಣಗಳನ್ನು ಬಿಟ್ಟರೆ ಎರಡೇ: ಕಾಲ ಮತ್ತು ಕೋನ. ದೂರವೆಂಬುದು ಇವುಗಳಿಂದ ಲೆಕ್ಕ ಹಾಕಿ ಪಡೆದ ಫಲ.

ಗಡಿಯಾರದಿಂದ ಕೋನ

ಭೂಮಿಯ ಮೇಲಿನ ಊರಿಗೆ ಅಕ್ಷಾಂಶ, ರೇಖಾಂಶಗಳಿರುವಂತೆ ಆಕಾಶದ ತಾರೆಗೂ ಎರಡು ನಿರ್ದೇಶಾಂಕಗಳಿವೆ. ಭೂಮಿಯ ಸಮಭಾಜಕ ವೃತ್ತವನ್ನು ಆಕಾಶದವರೆಗೆ ಹಿಗ್ಗಿಸಿದರೆ ದೊರೆಯುವುದು ಖಗೋಳ ವಿಷುವದ್ವೃತ್ತ. ಇದರಿಂದ ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ತಾರೆಯ ಕೋನೀಯ ದೂರವೇ ಘಂಟಾವೃತ್ತಾಂಶ; ನಮ್ಮ ಹಳೆಯ ಗ್ರಂಥಗಳ ಕ್ರಾಂತಿ ಎಂಬುದೂ ಇದೇ. ಸೂರ್ಯ ಮಾರ್ಚ್ ತಿಂಗಳಲ್ಲಿ ವಿಷುವದ್ವೃತ್ತವನ್ನು ದಾಟುವ ವಸಂತ ವಿಷುವದ್ಬಿಂದುವಿನಿಂದ ಪೂರ್ವಕ್ಕೆ ಅಳೆದದ್ದು ವಿಷುವದಂಶ. ಕೃತ್ತಿಕೆಯ ಘಂಟಾವೃತ್ತಾಂಶ ಉತ್ತರ 24 ಡಿಗ್ರಿ 7 ಕಲೆ. ವಿಷುವದಂಶವಾದರೋ 3 ಗಂಟೆ 47 ನಿಮಿಷ.

ಕೋನವನ್ನು ಗಂಟೆಯಲ್ಲಿ ಏಕೆ ಹೇಳುತ್ತಾರೆ ಎಂದು ವಿದ್ಯಾರ್ಥಿಗಳು ಪ್ರತಿ ವರ್ಷವೂ ಕೇಳುತ್ತಾರೆ. ಅದನ್ನು ಗಡಿಯಾರದಿಂದಲೇ ಅಳೆಯುತ್ತಿದ್ದರು ಎಂಬುದೇ ಉತ್ತರ. ಉತ್ತರದಿಂದ ದಕ್ಷಿಣಕ್ಕೆ ನಮ್ಮ ನೆತ್ತಿಯ ಮೂಲಕ ಹಾಯುವ ಕಾಲ್ಪನಿಕ ವೃತ್ತಕ್ಕೆ ಯಾಮ್ಯೋತ್ತರ ವೃತ್ತ ಎಂದು ಹೆಸರು. ದೂರದರ್ಶಕವನ್ನು ಈ ವೃತ್ತದಲ್ಲಿ ಮಾತ್ರ ಚಲಿಸುವಂತೆ ಬಿಗಿದು ಕಾಯುತ್ತ ಕೂರಬೇಕು. ಭೂಮಿ ತಾನೇ ತಿರುಗಿ ತಾರೆಗಳನ್ನು ಒಂದೊಂದಾಗಿ ಕಣ್ಣೆದುರಿಗೆ ತರುತ್ತದೆ. ವಸಂತ ವಿಷುವದ್ಬಿಂದು ಯಾಮ್ಯೋತ್ತರವನ್ನು ದಾಟುವಾಗ ಸೊನ್ನೆ ತೋರಿಸುವಂತೆ ಗಡಿಯಾರವನ್ನು ಹೊಂದಿಸಿದ್ದರೆ, ತಾರೆ ದಾಟುವ ಕ್ಷಣದಲ್ಲಿ ಆ ಗಡಿಯಾರ ತೋರಿಸುವ ಕಾಲವೇ ತಾರೆಯ ವಿಷುವದಂಶ. 24 ಗಂಟೆಗೆ 360 ಡಿಗ್ರಿಯಾದ್ದರಿಂದ ಒಂದು ಗಂಟೆಗೆ 15 ಡಿಗ್ರಿ. ಡಿಗ್ರಿಯ 60ನೇ ಒಂದು ಭಾಗ ಕಲೆ, ಕಲೆಯ 60ನೇ ಒಂದು ಭಾಗ ವಿಕಲೆ. ಹಾಗಾಗಿ ಗಡಿಯಾರದ ಒಂದು ಸೆಕೆಂಡಿಗೆ 15 ವಿಕಲೆ.

ಇನ್ನೊಂದು ನಿರ್ದೇಶಾಂಕ ಇನ್ನೂ ಸುಲಭ. ಬೆಂಗಳೂರಿನ ಅಕ್ಷಾಂಶ 12 ಡಿಗ್ರಿ 58 ಕಲೆ. ಆದ್ದರಿಂದ ಕೃತ್ತಿಕೆ ಅಲ್ಲಿ ಯಾಮ್ಯೋತ್ತರವನ್ನು ದಾಟುವುದು ನೆತ್ತಿಗಿಂತ 11 ಡಿಗ್ರಿ ಉತ್ತರದಲ್ಲಿ. ಕೋನಮಾಪಕ, ಒಂದು ಸ್ಟ್ರಾ ಮತ್ತು ದಾರಕ್ಕೆ ಕಟ್ಟಿದ ಕಲ್ಲು ಇದ್ದರೆ ಪ್ರೌಢಶಾಲೆಯ ಮಕ್ಕಳು ಇದನ್ನು ತಾವೇ ಪರೀಕ್ಷಿಸಬಹುದು. ನವೆಂಬರ್ ಮೂರನೆಯ ವಾರದಲ್ಲಿ ಈ ದಾಟುವಿಕೆ ಮಧ್ಯರಾತ್ರಿಯ ಹೊತ್ತಿಗೆ ಆಗುತ್ತದೆ. ಮಕ್ಕಳಿಗೆ ಜನವರಿ ಅನುಕೂಲ, ಆಗ ರಾತ್ರಿ ಎಂಟರ ಸುಮಾರಿಗೇ ಮುಗಿಯುತ್ತದೆ.

ಈ ವ್ಯತ್ಯಾಸಕ್ಕೆ ಕಾರಣ, ತಾರೆಗಳ ದಿನ ಸೂರ್ಯನ ದಿನಕ್ಕಿಂತ ಚಿಕ್ಕದು. ಭೂಮಿ ತನ್ನ ಸುತ್ತ ತಿರುಗುತ್ತಲೇ ಸೂರ್ಯನ ಸುತ್ತಲೂ ಮುಂದೆ ಸಾಗುವುದರಿಂದ ವರ್ಷವೊಂದರಲ್ಲಿ ಸೂರ್ಯೋದಯಗಳಿಗಿಂತ ಒಂದು ಸುತ್ತು ಹೆಚ್ಚಾಗಿ ತಿರುಗುತ್ತದೆ. ನಾಕ್ಷತ್ರಿಕ ದಿನದ ಅವಧಿ 23 ಗಂಟೆ 56 ನಿಮಿಷ 4.1 ಸೆಕೆಂಡ್. ಕ್ರಿ.ಶ. 499ರ ಆರ್ಯಭಟ ಮಹಾಯುಗದ 43,20,000 ವರ್ಷಗಳಲ್ಲಿ ಭೂಮಿ 158,22,37,500 ಬಾರಿ ಸುತ್ತುತ್ತದೆ ಎಂದು ಕೊಟ್ಟಿದ್ದಾನೆ. ಸುತ್ತುಗಳಿಂದ ವರ್ಷಗಳನ್ನು ಕಳೆದರೆ ಸೌರದಿನಗಳ ಸಂಖ್ಯೆ. ಅದನ್ನು ಸುತ್ತುಗಳಿಂದ ಭಾಗಿಸಿ 86,400ರಿಂದ ಗುಣಿಸಿ ನೋಡಿ. ಸೆಕೆಂಡಿನ ಹತ್ತನೇ ಭಾಗದವರೆಗೂ ಇದೇ ಉತ್ತರ ಬರುತ್ತದೆ. ಹೊಗಳಿಕೆಯ ಭಾಷಣಗಳಿಗಿಂತ ಈ ಒಂದು ಭಾಗಾಕಾರ ಆರ್ಯಭಟನಿಗೆ ಹೆಚ್ಚಿನ ಗೌರವ.

ಗಡಿಯಾರ ಸರಿಯಿದ್ದರೆ ಸಾಲದು, ಅದನ್ನು ಓದುವ ಮನುಷ್ಯನೂ ಲೆಕ್ಕಕ್ಕೆ ಬರುತ್ತಾನೆ. ಗ್ರೀನಿಚ್ ವೀಕ್ಷಣಾಲಯದಲ್ಲಿ ಲೋಲಕದ ಟಿಕ್ ಸದ್ದನ್ನು ಕಿವಿಯಲ್ಲಿ ಎಣಿಸುತ್ತ, ತಾರೆ ದೂರದರ್ಶಕದ ತಂತಿಯನ್ನು ದಾಟುವುದನ್ನು ಕಣ್ಣಲ್ಲಿ ನೋಡುತ್ತ, ಸೆಕೆಂಡಿನ ಹತ್ತನೇ ಭಾಗವನ್ನು ಅಂದಾಜು ಮಾಡುತ್ತಿದ್ದರು. ಮುಖ್ಯಸ್ಥ ಮ್ಯಾಸ್ಕೆಲಿನ್‌ನ ಅಳತೆಗಿಂತ ಸಹಾಯಕ ಕಿನ್ನೆಬ್ರೂಕ್‌ನ ಅಳತೆ 0.8 ಸೆಕೆಂಡ್ ತಡವಾಗಿ ಬರುತ್ತಿತ್ತು. 1796ರಲ್ಲಿ ಕಿನ್ನೆಬ್ರೂಕ್ ಕೆಲಸ ಕಳೆದುಕೊಂಡ. ಮುಂದೆ ಜರ್ಮನಿಯ ಬೆಸೆಲ್ ಈ ದಾಖಲೆಯನ್ನು ಓದಿ, ತನ್ನನ್ನೂ ಇತರ ನುರಿತ ವೀಕ್ಷಕರನ್ನೂ ಹೋಲಿಸಿ ನೋಡಿದ. ಯಾರಿಬ್ಬರ ಅಳತೆಯೂ ಒಂದೇ ಇರಲಿಲ್ಲ. ಕಿನ್ನೆಬ್ರೂಕ್‌ನದು ಅಲಕ್ಷ್ಯವಲ್ಲ, ಕಣ್ಣು ಕಿವಿಗಳನ್ನು ಮಿದುಳು ಜೋಡಿಸುವ ವೇಗದ ವ್ಯತ್ಯಾಸ. 0.8 ಸೆಕೆಂಡ್ ಎಂದರೆ 12 ವಿಕಲೆ. ಈ ಸಂಖ್ಯೆ ನೆನಪಿರಲಿ.

ಸ್ಥಾನಕ್ಕೂ ತಾರೀಖು ಬೇಕು

ಮೇಲೆ ಕೊಟ್ಟ ನಿರ್ದೇಶಾಂಕಗಳು ಕ್ರಿ.ಶ. 2000ದ ಆರಂಭಕ್ಕೆ ಸಂಬಂಧಿಸಿದವು. ಬುಗುರಿಯ ಅಕ್ಷ ವಾಲಾಡುವಂತೆ ಭೂಮಿಯ ಅಕ್ಷವೂ ಸುಮಾರು 26,000 ವರ್ಷಗಳಿಗೊಮ್ಮೆ ಸುತ್ತು ಹಾಕುತ್ತದೆ. ಅದರೊಡನೆ ವಿಷುವದ್ಬಿಂದು ವರ್ಷಕ್ಕೆ 50.3 ವಿಕಲೆಯಷ್ಟು ಹಿಂದೆ ಸರಿಯುತ್ತದೆ. ಇದು ಅಯನ ಚಲನೆ. ಇದರಿಂದಾಗಿ 2000ದಿಂದ 25 ವರ್ಷಗಳಲ್ಲಿ ಕೃತ್ತಿಕೆಯ ವಿಷುವದಂಶ ಸುಮಾರು ಒಂದೂವರೆ ನಿಮಿಷ ಹೆಚ್ಚಿದೆ.

ಕೃತ್ತಿಕೆಗಳು ಪೂರ್ವ ದಿಕ್ಕನ್ನು ಬಿಟ್ಟು ಕದಲುವುದಿಲ್ಲ ಎಂಬರ್ಥದ ಮಾತು ಶತಪಥ ಬ್ರಾಹ್ಮಣದಲ್ಲಿದೆ. ಈಗ ಬೆಂಗಳೂರಿನಿಂದ ನೋಡಿದರೆ ಕೃತ್ತಿಕೆ ಹುಟ್ಟುವುದು ಪೂರ್ವಕ್ಕಿಂತ ಸುಮಾರು 25 ಡಿಗ್ರಿ ಉತ್ತರದಲ್ಲಿ. ಅದು ವಿಷುವದ್ವೃತ್ತದ ಮೇಲಿದ್ದು ನೇರ ಪೂರ್ವದಲ್ಲಿ ಹುಟ್ಟುತ್ತಿದ್ದುದು ಕ್ರಿ.ಪೂ. 3000ದ ಆಸುಪಾಸಿನಲ್ಲಿ. ಇದನ್ನು ಆಧರಿಸಿ ಶಂಕರ ಬಾಲಕೃಷ್ಣ ದೀಕ್ಷಿತರು ಆ ಮಾತಿನ ಕಾಲವನ್ನು ಅಳೆದರು. ಲೆಕ್ಕದಲ್ಲಿ ದೋಷವಿಲ್ಲ. ಆದರೆ ಆ ಮಾತು ನಿಖರ ವೀಕ್ಷಣೆಯೋ ಅಥವಾ ಪರಂಪರೆಯಿಂದ ಬಂದ ಸ್ಥೂಲ ಹೇಳಿಕೆಯೋ ಎಂಬ ಪ್ರಶ್ನೆಗೆ ಲೆಕ್ಕ ಉತ್ತರ ಕೊಡಲಾರದು. ಕೆಲವೇ ಡಿಗ್ರಿಗಳ ಸಡಿಲಿಕೆ ಕೊಟ್ಟರೂ ಶತಮಾನಗಳೇ ಜಾರಿಹೋಗುತ್ತವೆ.

ಭೂಮಿಯ ಅಕ್ಷ ಮಾತ್ರವಲ್ಲ, ಅದರ ತಿರುಗುವಿಕೆಯ ವೇಗವೂ ಸ್ಥಿರವಲ್ಲ. ಆದ್ದರಿಂದ 1967ರಲ್ಲಿ ಸೆಕೆಂಡನ್ನು ಭೂಮಿಯಿಂದ ಬಿಡಿಸಿ ಸೀಸಿಯಮ್-133 ಪರಮಾಣುವಿಗೆ ಕಟ್ಟಿದರು: 919,26,31,770 ಆಂದೋಲನಗಳಿಗೆ ಒಂದು ಸೆಕೆಂಡ್. ಭೂಮಿ ಹಿಂದೆ ಬಿದ್ದಾಗ ಸರಿದೂಗಿಸಲು 1972ರಿಂದ 2016ರ ಕೊನೆಯವರೆಗೆ 27 ಅಧಿಕ ಸೆಕೆಂಡುಗಳನ್ನು ಸೇರಿಸಲಾಯಿತು. ಇಂದು ತಾರೆಯ ಸ್ಥಾನ ಗೊತ್ತಿದ್ದು ಪರಮಾಣು ಗಡಿಯಾರವೂ ಇರುವುದರಿಂದ, ಭೂಮಿಯೇ ಪರೀಕ್ಷೆಗೆ ಒಳಗಾದ ಗಡಿಯಾರ.

ಕೋನದಿಂದ ದೂರ

ಒಂದು ಕಣ್ಣು ಮುಚ್ಚಿ ಹೆಬ್ಬೆರಳನ್ನು ನೋಡಿ, ಬಳಿಕ ಇನ್ನೊಂದು ಕಣ್ಣಿನಿಂದ ನೋಡಿ. ಹಿನ್ನೆಲೆಯ ಎದುರು ಬೆರಳು ಸರಿದಂತೆ ಕಾಣುತ್ತದೆ. ಪ್ಯಾರಲ್ಯಾಕ್ಸ್ ಎಂದು ಪಠ್ಯಪುಸ್ತಕಗಳಲ್ಲಿ ಓದುವ ಈ ಪಲ್ಲಟವೇ ಲಂಬನ. ತಾರೆಗಳಿಗಾದರೆ ಎರಡು ಕಣ್ಣುಗಳೆಂದರೆ ಆರು ತಿಂಗಳ ಅಂತರದಲ್ಲಿ ಭೂಕಕ್ಷೆಯ ಎರಡು ತುದಿಗಳು. ಒಟ್ಟು ಪಲ್ಲಟದ ಅರ್ಧವನ್ನು ಲಂಬನ ಎಂದು ಕರೆಯುವುದು ರೂಢಿ. ಲಂಬನ ಒಂದು ವಿಕಲೆಯಾದರೆ ದೂರ ಒಂದು ಪಾರ್ಸೆಕ್, ಅಂದರೆ 3.26 ಜ್ಯೋತಿರ್ವರ್ಷ. ಲಂಬನದ ವ್ಯುತ್ಕ್ರಮವೇ ಪಾರ್ಸೆಕ್‌ಗಳಲ್ಲಿ ದೂರ.

ಸೂರ್ಯನನ್ನು ಬಿಟ್ಟರೆ ಯಾವ ತಾರೆಯ ಲಂಬನವೂ ಒಂದು ವಿಕಲೆಯಷ್ಟಿಲ್ಲ. 1838ರಲ್ಲಿ ಬೆಸೆಲ್‌ಗೆ ರಾಜಹಂಸ ಪುಂಜದ 61ನೇ ತಾರೆಯಲ್ಲಿ ದೊರೆತದ್ದು 0.31 ವಿಕಲೆ. ಕಿನ್ನೆಬ್ರೂಕ್‌ನ 12 ವಿಕಲೆಯೊಡನೆ ಇದನ್ನು ಹೋಲಿಸಿ. ಗಡಿಯಾರ ಹಿಡಿದು ಇಂಥದ್ದನ್ನು ಅಳೆಯುವುದು ಕಷ್ಟವೆಂದೇ ಬೆಸೆಲ್ ಪಕ್ಕದ ಮಂಕು ತಾರೆಗಳಿಂದ ಕೋನವನ್ನು ನೇರವಾಗಿ ಅಳೆಯುವ ಹೀಲಿಯೋಮೀಟರ್ ಬಳಸಿದ.

ಕೃತ್ತಿಕೆಯ ಲಂಬನ ಇದಕ್ಕಿಂತ ನಲವತ್ತು ಪಟ್ಟು ಚಿಕ್ಕದು, ಏಳೂ ಚಿಲ್ಲರೆ ಮಿಲಿವಿಕಲೆ. ವಿಕಲೆಯ ಸಾವಿರದ ಒಂದು ಪಾಲಿಗೆ ಮಿಲಿವಿಕಲೆ ಎನ್ನೋಣ. ಎರಡು ಸೆಂಟಿಮೀಟರ್ ಅಗಲದ ನಾಣ್ಯವನ್ನು ಬೀದರಿನಲ್ಲಿಟ್ಟು ಬೆಂಗಳೂರಿನಿಂದ ನೋಡಿದರೆ ಅದು ಹಿಡಿಯುವ ಕೋನ ಹೆಚ್ಚುಕಡಿಮೆ ಇಷ್ಟೇ. ವಾತಾವರಣದ ಅದುರಾಟದಲ್ಲಿ ನೆಲದ ದೂರದರ್ಶಕಕ್ಕೆ ಇದು ಸುಲಭದ ಮಾತಲ್ಲ. ಆದ್ದರಿಂದ ಹಿಂದಿನವರು ಬಳಸುದಾರಿ ಹಿಡಿದಿದ್ದರು. ಹತ್ತಿರದ ತಾರೆಗಳ ನಿಜ ದೀಪ್ತಿ ಗೊತ್ತಿದ್ದರೆ, ಅದೇ ಬಣ್ಣದ ಕೃತ್ತಿಕೆಯ ತಾರೆಗಳು ಎಷ್ಟು ಮಂಕಾಗಿ ಕಾಣುತ್ತವೆ ಎಂಬುದರಿಂದ ದೂರ ಹೇಳಬಹುದು. ಹೀಗೆ ದೊರೆತದ್ದು 132 ಪಾರ್ಸೆಕ್ ಸುಮಾರು.

1989ರಲ್ಲಿ ಐರೋಪ್ಯ ಅಂತರಿಕ್ಷ ಸಂಸ್ಥೆ ಹಾರಿಸಿದ ಹಿಪ್ಪಾರ್ಕಸ್ ಉಪಗ್ರಹ 1,18,000 ತಾರೆಗಳ ಲಂಬನವನ್ನು ಸುಮಾರು ಒಂದು ಮಿಲಿವಿಕಲೆಯ ನಿಖರತೆಯಲ್ಲಿ ಅಳೆಯಿತು. 1997ರಲ್ಲಿ ಪಟ್ಟಿ ಹೊರಬಂದಾಗ ಕೃತ್ತಿಕೆಯ ದೂರ 118 ಪಾರ್ಸೆಕ್ ಎಂದು ಬಂತು. ಮೇಲ್ನೋಟಕ್ಕೆ ಹತ್ತು ಪ್ರತಿಶತದ ವ್ಯತ್ಯಾಸ. ಆದರೆ ದೀಪ್ತಿ ದೂರದ ವರ್ಗವನ್ನು ಅವಲಂಬಿಸುವುದರಿಂದ, ಕೃತ್ತಿಕೆಯ ತಾರೆಗಳೆಲ್ಲ ತಮ್ಮಂಥ ಬೇರೆ ತಾರೆಗಳಿಗಿಂತ ಐದನೇ ಒಂದು ಪಾಲು ಮಂಕು ಎಂದಾಯಿತು. ತಾರೆಗಳ ಒಡಲಿನ ಭೌತಶಾಸ್ತ್ರದಲ್ಲಿ ಇದಕ್ಕೆ ಸರಿಯಾದ ಜಾಗವಿರಲಿಲ್ಲ. ಇದೇ ವಿಧಾನವನ್ನು ಮೆಟ್ಟಿಲಾಗಿಸಿಕೊಂಡು ದೂರದ ಪುಂಜಗಳನ್ನು, ಅವುಗಳ ಮೂಲಕ ಗೆಲಾಕ್ಸಿಗಳನ್ನು ಅಳೆಯುತ್ತಿದ್ದುದರಿಂದ ಅಡಿಪಾಯವೇ ಅಲುಗಿದಂತಾಯಿತು. ಸಿದ್ಧಾಂತ ತಪ್ಪೋ ಉಪಗ್ರಹ ತಪ್ಪೋ?

ಇದನ್ನು ತೀರ್ಮಾನಿಸಲು ಬೇಕಾದದ್ದು ಹಿಪ್ಪಾರ್ಕಸ್‌ಗೂ ದೀಪ್ತಿಯ ಹಳೆಯ ಹೋಲಿಕೆಗೂ ಸಂಬಂಧವಿಲ್ಲದ ಅಳತೆ. ಕೃತ್ತಿಕೆಯ ಅಟ್ಲಾಸ್ ಎಂಬ ತಾರೆ ವಾಸ್ತವವಾಗಿ ಪರಸ್ಪರ ಸುತ್ತುವ ಜೋಡಿ. ಸುತ್ತಿನ ಅವಧಿ 291 ದಿನ. ಹಲವು ದೂರದರ್ಶಕಗಳ ಬೆಳಕನ್ನು ಬೆರೆಸುವ ವ್ಯತಿಕರಣಮಾಪಕಗಳಿಂದ ಈ ಕಕ್ಷೆಯ ಅರೆ ದೀರ್ಘಾಕ್ಷ 12.9 ಮಿಲಿವಿಕಲೆ ಎಂದು ತಿಳಿಯಿತು. ಇನ್ನು ಕೆಪ್ಲರನ ಮೂರನೆಯ ನಿಯಮ. ವಿಕಲೆಗಳಲ್ಲಿ ಕೋನವನ್ನು ಪಾರ್ಸೆಕ್‌ಗಳಲ್ಲಿ ದೂರದಿಂದ ಗುಣಿಸಿದರೆ ಕಕ್ಷೆಯ ಗಾತ್ರ ಖಗೋಳಮಾನಗಳಲ್ಲಿ, ಎಂದರೆ ಸೂರ್ಯ-ಭೂಮಿ ದೂರದ ಲೆಕ್ಕದಲ್ಲಿ, ಬರುತ್ತದೆ. ಅದರ ಘನವನ್ನು ವರ್ಷಗಳಲ್ಲಿ ಹೇಳಿದ ಅವಧಿಯ ವರ್ಗದಿಂದ ಭಾಗಿಸಿದರೆ ಜೋಡಿಯ ಒಟ್ಟು ದ್ರವ್ಯರಾಶಿ ಎಷ್ಟು ಸೂರ್ಯರು ಎಂಬುದು ಸಿಗುತ್ತದೆ. ದೂರ 118 ಎಂದು ಹಾಕಿದರೆ ಐದೂವರೆ ಸೂರ್ಯ. 136 ಎಂದು ಹಾಕಿದರೆ ಎಂಟೂವರೆ ಸೂರ್ಯ. ದೂರದ ಅಲ್ಪ ವ್ಯತ್ಯಾಸ ಘನದಲ್ಲಿ ಎಷ್ಟು ಹಿಗ್ಗುತ್ತದೆ ನೋಡಿ! ದ್ರವ್ಯರಾಶಿಗೂ ದೀಪ್ತಿಗೂ ಇರುವ ಸಂಬಂಧಕ್ಕೆ ಹೊಂದಿದ್ದು ಎರಡನೆಯದು. ಪ್ಯಾನ್, ಶಾವೊ ಮತ್ತು ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿ 2004ರಲ್ಲಿ ಪ್ರಕಟಿಸಿದ ಈ ಫಲಿತಾಂಶದಂತೆ ದೂರ 133ರಿಂದ 137 ಪಾರ್ಸೆಕ್.

ಹಿಪ್ಪಾರ್ಕಸ್ ಪಕ್ಷ ಸುಮ್ಮನಾಗಲಿಲ್ಲ. ಮಾಹಿತಿಯನ್ನು ಮತ್ತೆ ಸಂಸ್ಕರಿಸಿ 2009ರಲ್ಲಿ 120 ಎಂದಿತು. 2014ರಲ್ಲಿ ರೇಡಿಯೋ ದೂರದರ್ಶಕಗಳ ಸರದಿ. ಸಾವಿರಾರು ಕಿಲೋಮೀಟರ್ ಅಂತರದ ಬೋಗುಣಿಗಳಲ್ಲಿ ಒಂದಕ್ಕಿಂತ ಇನ್ನೊಂದಕ್ಕೆ ರೇಡಿಯೋ ಅಲೆ ಎಷ್ಟು ತಡವಾಗಿ ತಲುಪಿತು ಎಂಬುದನ್ನು ಪರಮಾಣು ಗಡಿಯಾರಗಳ ನೆರವಿನಿಂದ ಅಳೆದರೆ, ಆ ತಡವೇ ಅಲೆ ಬಂದ ದಿಕ್ಕನ್ನು ಹೇಳುತ್ತದೆ. ಗ್ರೀನಿಚ್‌ನ ಲೋಲಕದ ಕೆಲಸವನ್ನೇ ಇಲ್ಲಿ ಬೇರೆ ರೂಪದಲ್ಲಿ ಕಾಣುತ್ತೇವೆ. ಕೃತ್ತಿಕೆಯ ಕೆಲವು ತಾರೆಗಳನ್ನು ದೂರದ ಕ್ವೇಸಾರ್ ಒಂದರ ಎದುರು ಹೀಗೆ ಅಳೆದಾಗ ಬಂದದ್ದು 136.2 ಪಾರ್ಸೆಕ್. 2013ರಲ್ಲಿ ಹಾರಿದ ಗಯಾ ಉಪಗ್ರಹದ ಅಳತೆಗಳೂ 136ರ ಸುಮಾರಿಗೇ ಬಂದು ನಿಂತವು. 136 ಪಾರ್ಸೆಕ್ ಎಂದರೆ 444 ಜ್ಯೋತಿರ್ವರ್ಷ. ಈಗ ನಮ್ಮ ಕಣ್ಣಿಗೆ ಬೀಳುವ ಬೆಳಕು ರಣಧೀರ ಕಂಠೀರವನ ಕಾಲದ್ದಲ್ಲ, ತಾಳಿಕೋಟೆ ಯುದ್ಧ ಮುಗಿದ ಒಂದೂವರೆ ದಶಕದ ಬಳಿಕ ಹೊರಟದ್ದು.

ಹಿಪ್ಪಾರ್ಕಸ್ ಎಡವಿದ್ದು ಬರೀ ಒಂದು ಮಿಲಿವಿಕಲೆಯಷ್ಟು. ಆಕಾಶದ ಒಂದೇ ಪುಟ್ಟ ಪ್ರದೇಶದ ತಾರೆಗಳ ದೋಷಗಳು ಒಂದಕ್ಕೊಂದು ತಳುಕು ಹಾಕಿಕೊಂಡು ಒಂದೇ ಕಡೆಗೆ ವಾಲಿದ್ದವು, ಸರಾಸರಿ ತೆಗೆದರೂ ಕರಗಲಿಲ್ಲ ಎಂಬುದು ಅನೇಕ ತಜ್ಞರ ಅಭಿಪ್ರಾಯ. ಗಯಾಕ್ಕೂ ಇಂಥ ಕಾಯಿಲೆ ಸ್ವಲ್ಪ ಇತ್ತು. ಕ್ವೇಸಾರ್‌ಗಳು ಎಷ್ಟು ದೂರವೆಂದರೆ ಅವುಗಳ ಲಂಬನ ಸೊನ್ನೆಯೇ ಆಗಿರಬೇಕು. 2018ರ ಪಟ್ಟಿಯಲ್ಲಿ ಅದು ಸರಾಸರಿ ಋಣ 0.03 ಮಿಲಿವಿಕಲೆ ಎಂದು ಬಂತು. ಹೀಗೆ ಸೊನ್ನೆಯ ದೋಷ ಗೊತ್ತಾಗಿ ಅದನ್ನು ತಿದ್ದಲು ಸಾಧ್ಯವಾಯಿತು. ಗಯಾ 2025ರ ಜನವರಿಯಲ್ಲಿ ವೀಕ್ಷಣೆ ನಿಲ್ಲಿಸಿತು, ಮಾರ್ಚ್‌ನಲ್ಲಿ ಅದನ್ನು ಸ್ಥಗಿತಗೊಳಿಸಲಾಯಿತು. 2022ರ ಪಟ್ಟಿಯಲ್ಲೇ ಸುಮಾರು 180 ಕೋಟಿ ಆಕಾಶಕಾಯಗಳ ವಿವರವಿದೆ. ಆದರೆ ಅದರ ಸೂಕ್ಷ್ಮ ಕಣ್ಣಿಗೆ ತೀರಾ ಪ್ರಕಾಶಮಾನ ತಾರೆಗಳೇ ತೊಡಕು. ಕೃತ್ತಿಕೆಯಲ್ಲಿ ಬರಿಗಣ್ಣಿಗೆ ಕಾಣದ ನೂರಾರು ಮಂಕು ಸದಸ್ಯರ ದೂರ ಈಗ ಒಂದೊಂದಾಗಿ ಚೆನ್ನಾಗಿ ತಿಳಿದಿದೆ. ನಾವು ಅಂಗಳದಲ್ಲಿ ನಿಂತು ಎಣಿಸುವ ಆ ಆರರಲ್ಲಿ ಅದರ ಅಳತೆ ಅಷ್ಟು ನಿಖರವಲ್ಲ, ಅಟ್ಲಾಸ್‌ನಂಥ ಜೋಡಿಗೆ ಇಂದಿಗೂ ಕೆಪ್ಲರನ ಲೆಕ್ಕವೇ ಹೆಚ್ಚು ನಂಬಿಕೆಯದು.